ಸಮುದ್ರ ಸೇರುವ ನೀರು ವ್ಯರ್ಥವೇ?

ಅಣೆಕಟ್ಟು, ಹವಾಮಾನ ಮತ್ತು ಅಳಿವೆಯ ಸೂಕ್ಷ್ಮ ಸಸ್ಯಗಳು

‘ನದಿಯ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಬರ ಬಿದ್ದ ವರ್ಷ ಈ ಮಾತು ಇನ್ನಷ್ಟು ಜೋರಾಗಿ ಕೇಳಿಬರುತ್ತದೆ. ಕೊಳವೆ ಬಾವಿ ಬತ್ತಿ ಕೈಕಟ್ಟಿ ಕುಳಿತ ಬಯಲುಸೀಮೆಯ ರೈತ, ಪಶ್ಚಿಮಕ್ಕೆ ಹರಿಯುವ ನದಿಗಳ ತುಂಬು ಪ್ರವಾಹವನ್ನು ನೋಡಿ ಹಾಗೆಂದರೆ ಅವನನ್ನು ತಪ್ಪುಗಾರ ಎನ್ನುವಂತಿಲ್ಲ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆತಾಗಲೂ, ಶರಾವತಿ ಕಣಿವೆಯ 2000 ಮೆಗಾವಾಟ್ ಭೂಗತ ವಿದ್ಯುತ್ ಯೋಜನೆಯ ಬಗ್ಗೆ 2025ರಲ್ಲಿ ಸಾಗರ, ಹೊನ್ನಾವರ ತಾಲ್ಲೂಕುಗಳಲ್ಲಿ ವಿರೋಧ ಎದ್ದಾಗಲೂ ಪರ ವಿರೋಧದ ವಾದಗಳು ಬೇಕಾದಷ್ಟು ನಡೆದವು. ಕಾಡು, ನೆಲ, ಮನೆಮಠ ಕಳೆದುಕೊಳ್ಳುವವರ ವಿಷಯ ಚರ್ಚೆಗೆ ಬಂತು. ಆದರೆ ನದಿಯ ಕೊನೆಯ ಹತ್ತಿಪ್ಪತ್ತು ಮೈಲಿಯಲ್ಲಿ, ಸಿಹಿನೀರು ಉಪ್ಪುನೀರು ಕೂಡುವ ಅಳಿವೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಹಿಂದೆಯೇ ಉಳಿಯಿತು.

ಅಳಿವೆಯೂ ಒಂದು ಹೊಲವೇ. ಅಲ್ಲಿನ ಬೆಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಆ ಬೆಳೆಗೆ ನೀರು, ಗೊಬ್ಬರ, ಹದ ಎಲ್ಲವೂ ನದಿಯಿಂದಲೇ ಬರಬೇಕು. ನದಿಗೆ ಕಟ್ಟೆ ಹಾಕಿದರೆ ಈ ಹೊಲದ ಸ್ಥಿತಿ ಏನಾದೀತೆಂದು ರೈತರೇ ಊಹಿಸಬಲ್ಲರು.

ಕಾಣದ ಬೆಳೆ

ಅಳಿವೆಯ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದರೆ ತುಸು ಹಸಿರು ಅಥವಾ ಕಂದು ಛಾಯೆ ಕಾಣಬಹುದು. ಇದರಲ್ಲಿ ಒಂದು ಪಾಲು ಮಣ್ಣಿನ ಕಣ. ಮತ್ತೊಂದು ಪಾಲು ಬೇರಿಲ್ಲದೆ, ಕಾಂಡವಿಲ್ಲದೆ ನೀರಿನಲ್ಲಿ ತೇಲಿಕೊಂಡು ಬದುಕುವ ಒಂದೊಂದೇ ಕೋಶದ ಸಸ್ಯಗಳು. ಇವನ್ನು ವಿಜ್ಞಾನಿಗಳು ಸಸ್ಯಪ್ಲವಕ ಎನ್ನುತ್ತಾರೆ. ಸೂಕ್ಷ್ಮದರ್ಶಕದ ಸಹಾಯವಿಲ್ಲದೆ ಇವು ಬಿಡಿಬಿಡಿಯಾಗಿ ಕಾಣವು. ಹಾಗೆಂದು ಇವುಗಳ ಕೆಲಸ ಸಣ್ಣದಲ್ಲ. ಬಿಸಿಲು, ಇಂಗಾಲಾಮ್ಲ, ಪೋಷಕಾಂಶಗಳನ್ನು ಬಳಸಿ ಭತ್ತ, ಕಬ್ಬು ಮಾಡುವಂತೆಯೇ ಇವೂ ಆಹಾರ ತಯಾರಿಸುತ್ತವೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸಮುದ್ರದ ಇಂಥ ಸೂಕ್ಷ್ಮ ಸಸ್ಯಗಳಿಂದಲೇ ಆಗುತ್ತದೆಂದು ಲೆಕ್ಕ ಹಾಕಲಾಗಿದೆ.

ಇವನ್ನು ತಿಂದು ಸೂಕ್ಷ್ಮ ಪ್ರಾಣಿಗಳು, ಸಿಗಡಿಯ ಮರಿಗಳು, ಬಳಚು, ಕಲ್ವದಂಥ ಚಿಪ್ಪುಜೀವಿಗಳು ಬೆಳೆಯುತ್ತವೆ. ಅವನ್ನು ತಿಂದು ದೊಡ್ಡ ಮೀನುಗಳು ಬೆಳೆಯುತ್ತವೆ. ಕರಾವಳಿಯ ಬಡವನ ಮೀನೆನಿಸಿದ ಬೂತಾಯಿ, ಅಂದರೆ ತಾರ್ಲೆ, ಈ ಸೂಕ್ಷ್ಮ ಸಸ್ಯಗಳನ್ನೇ ಮುಖ್ಯ ಆಹಾರವಾಗಿ ಮಾಡಿಕೊಂಡಿದೆ. ಈ ಮೀನನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದುದು ಕರಾವಳಿಯ ರೈತರಿಗೆ ನೆನಪಿರಬಹುದು. ನದಿ ಬೆಟ್ಟದಿಂದ ಒಯ್ದ ಸತ್ವ ಹೀಗೆ ಒಂದು ಸುತ್ತು ಹಾಕಿ ಮತ್ತೆ ನೆಲಕ್ಕೆ ಬರುತ್ತಿತ್ತು.

ಸಸ್ಯಪ್ಲವಕಗಳಲ್ಲಿ ಬಹಳ ಬಗೆಗಳುಂಟು. ಮೀನುಗಾರಿಕೆಯ ದೃಷ್ಟಿಯಿಂದ ಮುಖ್ಯವಾದದ್ದು ಡಯಾಟಮ್ ಎಂಬ ಬಗೆ. ಇದರ ಮೈಸುತ್ತ ಗಾಜಿನಂಥ ಚಿಪ್ಪಿರುತ್ತದೆ. ಈ ಚಿಪ್ಪು ಕಟ್ಟಿಕೊಳ್ಳಲು ಸಿಲಿಕ ಬೇಕು. ಸಿಲಿಕ ನಮ್ಮ ರೈತರಿಗೆ ಅಪರಿಚಿತ ವಸ್ತುವಲ್ಲ. ಭತ್ತದ ಉಮಿಯನ್ನು ಸುಟ್ಟರೆ ಉಳಿಯುವ ಬೂದಿಯಲ್ಲಿ ಬಹುಪಾಲು ಅದೇ. ಭತ್ತದ ಗರಿ ಕೈಗೆ ಒರಟಾಗಿ ತಾಕುವುದೂ, ಪೈರು ಬಾಗದೆ ನಿಲ್ಲುವುದೂ ಸಿಲಿಕದ ಗುಣದಿಂದ. ಬೆಟ್ಟದ ಬಂಡೆಗಳು ಮಳೆಗೆ ಬಿಸಿಲಿಗೆ ಶಿಥಿಲವಾಗಿ ಕರಗಿದ ಸಿಲಿಕವನ್ನು ನದಿ ಅಳಿವೆಗೆ ಒಯ್ಯುತ್ತದೆ. ಡಯಾಟಮ್‌ಗಳಿಗೆ ಸಾರಜನಕ ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಸಿಲಿಕವೂ ಬೇಕು. ಒಂದು ಹೆಚ್ಚಿ ಇನ್ನೊಂದು ಕಡಿಮೆಯಾದರೆ ಬೆಳೆಯ ಜಾತಿಯೇ ಬದಲಾಗುತ್ತದೆ.

ಕಟ್ಟೆ ಮಾಡುವ ಮೂರು ಬದಲಾವಣೆ

ಅಣೆಕಟ್ಟಿನಿಂದ ಅಳಿವೆಗೆ ಆಗುವ ಬದಲಾವಣೆಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಹೂಳು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. 2016ರ ಅಳತೆಯಲ್ಲಿ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿತ್ತು. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ನಮಗೆ ಇದು ನೀರಾವರಿಯ ನಷ್ಟ. ಆದರೆ ಅದೇ ಹೂಳು ಕೃಷ್ಣೆಯ ಮುಖಜ ಭೂಮಿಯವರೆಗೆ ಹೋಗಬೇಕಾಗಿದ್ದ ಮೆಕ್ಕಲು ಮಣ್ಣು ಎಂಬುದನ್ನು ಮರೆಯುತ್ತೇವೆ. ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕವೂ ಅದರೊಡನೆ ಕಟ್ಟೆಯ ತಳದಲ್ಲಿ ಕೂರುತ್ತದೆ.

ಎರಡನೆಯದು ಸಿಲಿಕ. ಜಲಾಶಯದ ನಿಂತ ನೀರಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಅಲ್ಲಿಯೇ ಡಯಾಟಮ್‌ಗಳು ಬೆಳೆದು, ಸತ್ತು, ಸಿಲಿಕದ ಚಿಪ್ಪಿನೊಡನೆ ತಳ ಸೇರುತ್ತವೆ. ಕೆಳಗೆ ಹೋಗುವ ನೀರಿನಲ್ಲಿ ಸಿಲಿಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕಟ್ಟೆಯಿಂದ ಕೆಳಗಿನ ಹೊಲಗಳಿಂದ, ಊರುಗಳಿಂದ ಯೂರಿಯದ ಸಾರಜನಕ, ಚರಂಡಿಯ ಕೊಳೆ ಬಂದು ಸೇರುತ್ತವೆ. ಆದರೆ ಸಿಲಿಕವನ್ನು ಯಾರೂ ಚೀಲದಲ್ಲಿ ತಂದು ಹಾಕುವುದಿಲ್ಲ. ಆಗ ಸಿಲಿಕ ಬೇಡದ ಬೇರೆ ಜಾತಿಯ ಪ್ಲವಕಗಳು ಮೇಲುಗೈ ಸಾಧಿಸುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ, ಕೆಲವು ಮೀನಿಗೆ ಸೇರದವು. ಹೊಲದಲ್ಲಿ ಪೈರು ಹೋಗಿ ಕಳೆ ಬಂದ ಹಾಗೆ.

ಯುರೋಪಿನ ಡ್ಯಾನ್ಯೂಬ್ ನದಿಗೆ ಐರನ್ ಗೇಟ್ಸ್ ಎಂಬಲ್ಲಿ 1972ರಲ್ಲಿ ಅಣೆಕಟ್ಟು ಮುಗಿಯಿತು. ಆ ಬಳಿಕ ಕಪ್ಪು ಸಮುದ್ರಕ್ಕೆ ನದಿ ಒಯ್ಯುವ ಸಿಲಿಕ ಸುಮಾರು ಮೂರನೇ ಎರಡು ಪಾಲು ಕುಸಿಯಿತೆಂದೂ, ಡಯಾಟಮ್ ಅಲ್ಲದ ಜಾತಿಗಳು ಹೆಚ್ಚಿದವೆಂದೂ 1997ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮುಂದೆ ನಡೆದ ಅಳತೆಗಳಲ್ಲಿ ಆ ಒಂದು ಕಟ್ಟೆ ತಡೆಯುವ ಸಿಲಿಕ ಅತಿ ಸ್ವಲ್ಪವೆಂದು ಕಂಡುಬಂತು. ಆದ್ದರಿಂದ ಎಲ್ಲ ತಪ್ಪನ್ನೂ ಒಂದೇ ಕಟ್ಟೆಯ ತಲೆಗೆ ಕಟ್ಟುವುದು ಸರಿಯಲ್ಲ. ನದಿಯ ಉದ್ದಕ್ಕೂ, ಉಪನದಿಗಳಿಗೂ ಕಟ್ಟಿದ ಕಟ್ಟೆಗಳ ಒಟ್ಟು ಲೆಕ್ಕವನ್ನೇ ನೋಡಬೇಕು.

ಮೂರನೆಯದು ಕಾಲ. ಎಷ್ಟು ನೀರು ಬಂತು ಎಂಬಷ್ಟೇ ಮುಖ್ಯ ಯಾವಾಗ ಬಂತು ಎಂಬುದು. ಜೂನ್‌ನಲ್ಲಿ ಬೇಕಾದ ಮಳೆ ಕೊಯ್ಲಿನ ಹೊತ್ತಿಗೆ ಬಂದರೆ ಮಳೆಯ ಸರಾಸರಿ ಸರಿಯಿರಬಹುದು, ಕಣಜ ತುಂಬದು. ಅಳಿವೆಗೂ ಈ ಮಾತು ಅನ್ವಯಿಸುತ್ತದೆ.

ನೈಲ್ ನದಿಯ ಪಾಠ

ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಪ್ರಸಿದ್ಧವಾದ ಉದಾಹರಣೆ ಈಜಿಪ್ಟಿನದು. ನೈಲ್ ನದಿ ಪ್ರತಿ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಉಕ್ಕಿ ಹರಿದು ಮೆಡಿಟರೇನಿಯನ್ ಸಮುದ್ರಕ್ಕೆ ಕೆಮ್ಮಣ್ಣಿನ ನೀರನ್ನು ಒಯ್ಯುತ್ತಿತ್ತು. ಆ ಸಮುದ್ರ ಪೋಷಕಾಂಶಗಳಲ್ಲಿ ಬಡ ಸಮುದ್ರ. ನೆರೆ ಬಂದ ಕೂಡಲೇ ನದಿಯ ಮುಖದಲ್ಲಿ ಡಯಾಟಮ್‌ಗಳು ಒತ್ತಾಗಿ ಬೆಳೆಯುತ್ತಿದ್ದವು. ಅವನ್ನು ತಿನ್ನಲು ಸಾರ್ಡಿನ್ ಜಾತಿಯ ಮೀನುಗಳು ಹಿಂಡುಹಿಂಡಾಗಿ ಬರುತ್ತಿದ್ದವು.

ಆಸ್ವಾನ್ ಮಹಾ ಅಣೆಕಟ್ಟಿನ ಕೆಲಸ 1960ರಲ್ಲಿ ಪ್ರಾರಂಭವಾಯಿತು. 1964ರಲ್ಲಿ ನದಿಗೆ ಅಡ್ಡಗಟ್ಟೆ ಬಿತ್ತು. 1970ರಲ್ಲಿ ಕಾಮಗಾರಿ ಮುಗಿಯಿತು. ನೆರೆ ನಿಂತಿತು. 1962ರಲ್ಲಿ ಸುಮಾರು 18 ಸಾವಿರ ಟನ್ ಇದ್ದ ಸಾರ್ಡಿನ್ ಹಿಡುವಳಿ 1968-69ರ ಹೊತ್ತಿಗೆ 500 ಟನ್ನಿನ ಆಸುಪಾಸಿಗೆ ಬಿತ್ತು. ಮುಖಜ ಭೂಮಿಯ ರೈತರಿಗೆ ಪುಕ್ಕಟೆಯಾಗಿ ಬರುತ್ತಿದ್ದ ಮೆಕ್ಕಲು ಮಣ್ಣು ತಪ್ಪಿ, ರಾಸಾಯನಿಕ ಗೊಬ್ಬರ ಕೊಳ್ಳುವುದು ಅನಿವಾರ್ಯವಾಯಿತು. ಮಣ್ಣು ತುಂಬಿಕೊಡುವ ನದಿ ಇಲ್ಲದೆ ರೊಸೆಟ್ಟಾದ ಬಳಿ ಸಮುದ್ರ ದಡವನ್ನು ಕೊರೆಯುವುದು ಇನ್ನಷ್ಟು ಹೆಚ್ಚಿತು.

ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಆಸ್ವಾನ್ ಕಟ್ಟೆಯಿಂದ ಈಜಿಪ್ಟಿಗೆ ವರ್ಷವಿಡೀ ನೀರಾವರಿ ದೊರೆಯಿತು. ವಿದ್ಯುತ್ ದೊರೆಯಿತು. 1980ರ ದಶಕದಲ್ಲಿ ನೆರೆಯ ದೇಶಗಳು ಬರದಿಂದ ತತ್ತರಿಸಿದಾಗ ಈಜಿಪ್ಟ್ ಕಟ್ಟೆಯ ನೀರಿನಿಂದ ಪಾರಾಯಿತು. ಅದೇ ದಶಕದಲ್ಲಿ ಕರಾವಳಿಯ ಮೀನೂ ಹೆಚ್ಚತೊಡಗಿತು. ಹೊಲಗಳಿಂದ ಬಸಿದು ಬಂದ ಗೊಬ್ಬರ, ಕೈರೋ ಮತ್ತು ಅಲೆಕ್ಸಾಂಡ್ರಿಯ ನಗರಗಳ ಕೊಳಚೆ ನದಿಯ ಸತ್ವದ ಜಾಗವನ್ನು ತುಂಬಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳ ಅಭಿಪ್ರಾಯ. ಮೀನು ಬಂತು, ನಿಜ. ಆದರೆ ಪುಕ್ಕಟೆ ಸಿಗುತ್ತಿದ್ದ ಹೂಳಿನ ಜಾಗಕ್ಕೆ ಹಣ ಕೊಟ್ಟು ಕೊಂಡ ಗೊಬ್ಬರ ಮತ್ತು ಊರಿನ ಕೊಳಚೆ ಬಂದವು. ಇದನ್ನು ಚೇತರಿಕೆ ಎನ್ನಬೇಕೆ, ಬೇರೊಂದು ರೋಗದ ಲಕ್ಷಣ ಎನ್ನಬೇಕೆ ಎಂಬುದು ಯೋಚಿಸತಕ್ಕ ವಿಷಯ.

ನಮ್ಮ ಎರಡು ನದಿಗಳು

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಎರಡು ನದಿಗಳು ಸಮುದ್ರ ಸೇರುತ್ತವೆ. ಹೊನ್ನಾವರದಲ್ಲಿ ಶರಾವತಿ. ಕುಮಟಾ ತಾಲ್ಲೂಕಿನ ತದಡಿಯ ಬಳಿ ಅಘನಾಶಿನಿ. ಮಳೆ, ಬೆಟ್ಟ, ಕಾಡು, ಕಡಲು ಎಲ್ಲವೂ ಬಹುತೇಕ ಒಂದೇ ತೆರನಾದವು. ದೊಡ್ಡ ವ್ಯತ್ಯಾಸವೆಂದರೆ ಶರಾವತಿಗೆ ಅಣೆಕಟ್ಟುಗಳಿವೆ, ಅಘನಾಶಿನಿಗೆ ಇಲ್ಲ. ಪ್ರಯೋಗ ಕ್ಷೇತ್ರದಲ್ಲಿ ಒಂದು ಮಡಿಗೆ ಗೊಬ್ಬರ ಹಾಕಿ ಪಕ್ಕದ ಮಡಿಯನ್ನು ಹಾಗೆಯೇ ಬಿಟ್ಟು ಹೋಲಿಸುವಂತೆ ಇವೆರಡನ್ನು ಹೋಲಿಸಬಹುದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಸಾಮರ್ಥ್ಯ ಸುಮಾರು 151 ಟಿ.ಎಂ.ಸಿ. ಕನ್ನಂಬಾಡಿ ಕಟ್ಟೆಯ ಮೂರು ಪಟ್ಟು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಲ್ಲಿಂದ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ ಕಟ್ಟಿ 240 ಮೆಗಾವಾಟ್ ವಿದ್ಯುತ್ ತೆಗೆಯಲಾಗುತ್ತಿದೆ. ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ದೀಪ ಬಂದದ್ದು, ಪಂಪ್‌ಸೆಟ್ ತಿರುಗಿದ್ದು ಈ ನದಿಯ ದಯೆಯಿಂದ.

ನೈಲ್ ನದಿಗೂ ಶರಾವತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನೈಲ್ ನೀರು ನೀರಾವರಿಗೆ ಹೋಗಿ ಸಮುದ್ರಕ್ಕೆ ತೀರ ಕಡಿಮೆ ನೀರು ಉಳಿಯಿತು. ಶರಾವತಿಯ ನೀರು ಯಂತ್ರ ತಿರುಗಿಸಿ ಮತ್ತೆ ನದಿಗೇ ಬೀಳುತ್ತದೆ, ಬಹುಪಾಲು ಸಮುದ್ರವನ್ನೇ ಸೇರುತ್ತದೆ. ಹಾಗಿದ್ದರೆ ಅಳಿವೆಗೆ ನಷ್ಟವೇನು ಎಂದು ಕೇಳಬಹುದು. ಇಲ್ಲಿಯೇ ಕಾಲದ ಪ್ರಶ್ನೆ ಬರುತ್ತದೆ.

ಕಟ್ಟೆಯಿಲ್ಲದ ನದಿಯಲ್ಲಿ ಮಳೆಗಾಲದ ನೆರೆ ಅಳಿವೆಯ ಉಪ್ಪನ್ನು ಹೊರಕ್ಕೆ ತಳ್ಳಿ ಸತ್ವವನ್ನು ತುಂಬುತ್ತದೆ. ಮಳೆ ನಿಂತು ಹೊಳೆ ಇಳಿದಂತೆ ಉಬ್ಬರದೊಂದಿಗೆ ಉಪ್ಪುನೀರು ಮೆಲ್ಲಮೆಲ್ಲನೆ ಒಳಗೆ ಏರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇಸಗೆಯ ಕೊನೆಗೆ ಅಳಿವೆಯ ಬಾಯಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಉಪ್ಪು ಕಾಣಬಹುದು. ಈ ಏರಿಳಿತಕ್ಕೆ ಹೊಂದಿಕೊಂಡೇ ಪ್ಲವಕಗಳು, ಸಿಗಡಿ, ಚಿಪ್ಪುಜೀವಿಗಳು ತಮ್ಮ ಸಂಸಾರ ನಡೆಸುತ್ತವೆ. ಶರಾವತಿಯಲ್ಲಿ ಮಳೆಗಾಲದ ನೀರು ಕಟ್ಟೆಯಲ್ಲಿ ನಿಂತು, ವಿದ್ಯುತ್ತಿನ ಅಗತ್ಯಕ್ಕೆ ತಕ್ಕಂತೆ ಬೇಸಗೆಯಲ್ಲೂ ದಿನದಿನವೂ ಕೆಳಗೆ ಬರುತ್ತದೆ. ಉಪ್ಪು ಏರಬೇಕಾದ ಕಾಲದಲ್ಲಿ ಸಿಹಿನೀರು ಅದನ್ನು ತಡೆಯುತ್ತದೆ. ಉಪ್ಪುನೀರಿನ ಡಯಾಟಮ್‌ಗಳು ಬೇಸಗೆಯಲ್ಲಿ ಬೆಳೆಯಲು ಬೇಕಾದ ಹದವೇ ಅಲ್ಲಿ ತಪ್ಪುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಜಿಲ್ಲೆಯ ಅಳಿವೆಗಳನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ತೀರ ಕಡಿಮೆಯಾಗಿ ಚಿಪ್ಪುಜೀವಿಗಳು ಬಹುಮಟ್ಟಿಗೆ ನಶಿಸಿರುವುದನ್ನೂ, ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿದ್ದುದನ್ನೂ ಅವರು ದಾಖಲಿಸಿದ್ದಾರೆ. 2008ರ ಸುಮಾರಿಗೆ ಅವರು ಹಾಕಿದ ಲೆಕ್ಕದಂತೆ ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು. ಅದರ ಬೆಲೆ ಸುಮಾರು 5.78 ಕೋಟಿ ರೂಪಾಯಿ. 2,300ಕ್ಕೂ ಹೆಚ್ಚು ಜನ ನೇರವಾಗಿ ಇದರಿಂದ ಹೊಟ್ಟೆ ಹೊರೆಯುತ್ತಿದ್ದರು. ಇಳಿತದ ವೇಳೆ ಮೊಣಕಾಲುದ್ದ ನೀರಿನಲ್ಲಿ ಬಳಚು ಹೆಕ್ಕುವ ಹೆಂಗಸರ ಆ ಕೂಲಿಯ ಮೂಲ ಕಣ್ಣಿಗೆ ಕಾಣದ ಸಸ್ಯಪ್ಲವಕ.

ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಮಳೆನೀರು ಗದ್ದೆಯ ಉಪ್ಪನ್ನು ತೊಳೆದಾಗ ಕಗ್ಗ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಗೊಬ್ಬರ ಕೊಳ್ಳುವ ಪ್ರಮೇಯವಿಲ್ಲ. ಸಿಹಿನೀರಿಗೊಂದು ಕಾಲ, ಉಪ್ಪುನೀರಿಗೊಂದು ಕಾಲ ಎಂಬ ನಿಯಮ ಕೆಟ್ಟರೆ ಈ ಕೃಷಿ ಪದ್ಧತಿಯೂ ಕೆಡುತ್ತದೆ.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಕಟ್ಟೆಯಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುರಕ್ಷಿತ ಎನ್ನುವಂತಿಲ್ಲ. ಮರಳು ತೆಗೆಯುವುದು, ಚಿಪ್ಪು ತೆಗೆಯುವುದು, ಮಿತಿಮೀರಿ ಬಳಚು ಹೆಕ್ಕುವುದು ಅಲ್ಲೂ ಕಾಟ ಕೊಟ್ಟಿವೆ.

ಹವಾಮಾನದ ಪಾಲು

ಕಟ್ಟೆಗಳ ಜೊತೆಗೆ ಈಗ ಹವಾಮಾನವೂ ಕೈಜೋಡಿಸಿದೆ. ಸಮುದ್ರದ ಮೇಲ್ಪದರ ಬಿಸಿಯಾದಷ್ಟೂ ಹಗುರವಾಗಿ, ಕೆಳಗಿನ ತಣ್ಣನೆಯ, ಸತ್ವಭರಿತ ನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಗೊಬ್ಬರ ಮೇಲಿನ ಬೆಳೆಗೆ ಸಿಗುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಹಿಂದಿನ ಆರು ದಶಕಗಳಲ್ಲಿ ಸಸ್ಯಪ್ಲವಕಗಳು ಶೇ. 20ರವರೆಗೆ ಕಡಿಮೆಯಾಗಿವೆ. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರು ಕಡಲತೀರದಲ್ಲಿ ರಾತ್ರಿ ಅಲೆಗಳು ನೀಲಿ ಬೆಳಕು ಸೂಸಿದ್ದನ್ನು ಜನ ಕುತೂಹಲದಿಂದ ನೋಡಿದರು. ಅದು ನಾಕ್ಟಿಲ್ಯೂಕ ಎಂಬ ಸೂಕ್ಷ್ಮಜೀವಿಯ ಕೆಲಸ. ಡಯಾಟಮ್‌ಗಳನ್ನು ತಿಂದು ಬೆಳೆಯುವ ಈ ಜೀವಿ ಹೆಚ್ಚಿನ ಮೀನುಗಳಿಗೆ ಒಳ್ಳೆಯ ಆಹಾರವಲ್ಲ.

ಸಮುದ್ರದೊಳಗಿನ ಗೊಬ್ಬರ ಮೇಲೆ ಬರುವುದು ಕಡಿಮೆಯಾದಷ್ಟೂ ನದಿ ತರುವ ಸತ್ವಕ್ಕೆ ಬೆಲೆ ಹೆಚ್ಚುತ್ತದೆ. ಅದೇ ವೇಳೆಗೆ ಮಳೆಯೂ ಹಿಂದಿನಂತಿಲ್ಲ. 2019ರ ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಒಮ್ಮೆಲೇ ಮಳೆ ಸುರಿದು, ಕಾಳಿ ನದಿಯ ಕದ್ರಾ ಅಣೆಕಟ್ಟಿನ ಬಾಗಿಲು ತೆರೆದು ಕಾರವಾರದ ಹಳ್ಳಿಗಳು ಮುಳುಗಿದವು. 2023ರ ಆಗಸ್ಟ್ ದೇಶದಲ್ಲಿ 1901ರ ಬಳಿಕ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಎನಿಸಿತು. ಕಟ್ಟೆಯಿರುವ ನದಿಯಲ್ಲಿ ಇಂಥ ಏರುಪೇರಿನ ಪೆಟ್ಟು ಅಳಿವೆಗೆ ಎರಡು ಬಾರಿ ಬೀಳುತ್ತದೆ. ಮಳೆ ಕಡಿಮೆಯಾದ ವರ್ಷ ಬಂದಷ್ಟೂ ನೀರು ಕಟ್ಟೆಯಲ್ಲೇ ನಿಲ್ಲುತ್ತದೆ, ಅಳಿವೆಗೆ ನೆರೆಯೇ ಬರುವುದಿಲ್ಲ. ಮಳೆ ಹೆಚ್ಚಾದ ವರ್ಷ ತುಂಬಿದ ಕಟ್ಟೆಯಿಂದ ಒಮ್ಮೆಲೇ ನುಗ್ಗುವ ನೀರು ಪ್ಲವಕಗಳನ್ನೂ ಮರಿಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಏನು ಮಾಡಬಹುದು?

ಕಟ್ಟಿದ ಕಟ್ಟೆಗಳನ್ನು ಒಡೆಯಿರಿ ಎಂಬುದು ವ್ಯವಹಾರದ ಮಾತಲ್ಲ. ವಿದ್ಯುತ್ತೂ ಬೇಕು, ನೀರೂ ಬೇಕು. ಆದರೆ ಇರುವ ಕಟ್ಟೆಗಳನ್ನು ನಡೆಸುವ ರೀತಿಯಲ್ಲಿ ಸುಧಾರಣೆಗೆ ಅವಕಾಶವಿದೆ.

ಮೊದಲನೆಯದಾಗಿ, ಕಟ್ಟೆಯಿಂದ ನೀರು ಬಿಡುವ ವೇಳಾಪಟ್ಟಿ ತಯಾರಿಸುವಾಗ ವಿದ್ಯುತ್ ಮತ್ತು ನೀರಾವರಿಯ ಜೊತೆಗೆ ಅಳಿವೆಯನ್ನೂ ಒಬ್ಬ ಹಕ್ಕುದಾರನೆಂದು ಎಣಿಸಬೇಕು. ಮಳೆಗಾಲದ ಒಂದು ಪಾಲು ಮಳೆಗಾಲದಲ್ಲೇ ಹೋಗಬೇಕು. ಬೇಸಗೆಯಲ್ಲಿ ಉಪ್ಪು ಏರಲು ಕೆಲವು ವಾರವಾದರೂ ಎಡೆಯಿರಬೇಕು. ಇದರಿಂದ ಸ್ವಲ್ಪ ವಿದ್ಯುತ್ ನಷ್ಟವಾಗಬಹುದು. ಆ ನಷ್ಟವೆಷ್ಟು, ಅಳಿವೆಯ ಲಾಭವೆಷ್ಟು ಎಂದು ಲೆಕ್ಕ ಹಾಕಿ ತೂಗಿ ನೋಡಲಿ.

ಎರಡನೆಯದಾಗಿ, ಅಳಿವೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಉಪ್ಪು, ಸಿಲಿಕ, ಸಾರಜನಕ, ಪ್ಲವಕಗಳ ಅಳತೆ ನಡೆದು, ಆ ಅಂಕಿಗಳು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಲುಪಬೇಕು. ಮಳೆಯ ಅಂಕಿ, ಜಲಾಶಯದ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. ಅಳಿವೆಯ ಉಪ್ಪಿನ ಮಟ್ಟ ಏಕೆ ಬರಬಾರದು? ಶರಾವತಿ ಕಣಿವೆಯ ಹೊಸ ಯೋಜನೆಯಲ್ಲಿ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ ಮತ್ತೆ ಇಳಿಸುವ ವಿಚಾರವಿದೆ. ಇಂಥ ಯೋಜನೆಗಳ ಪರಿಸರ ವರದಿಗಳು ಕಟ್ಟೆಯ ಬುಡದಲ್ಲೇ ನಿಲ್ಲದೆ ಹೊನ್ನಾವರದ ಕಡಲವರೆಗೂ ಹೋಗಬೇಕು.

ಮೂರನೆಯದು ರೈತರ ಕೈಯಲ್ಲೇ ಇದೆ. ಗದ್ದೆಗೆ ಹಾಕಿದ ಯೂರಿಯದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೆಳೆಗೆ ದಕ್ಕದೆ ಗಾಳಿಗೋ ನೀರಿಗೋ ಹೋಗುತ್ತದೆ. ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಹಾಕುವುದು, ಜೋರು ಮಳೆಯ ಮುನ್ಸೂಚನೆ ಇದ್ದಾಗ ಹಾಕದಿರುವುದು, ಭತ್ತದ ಹುಲ್ಲನ್ನು ಸುಡದೆ ಮಣ್ಣಿಗೇ ಸೇರಿಸುವುದು, ಹಳ್ಳದ ಅಂಚಿನ ಗಿಡಗಂಟಿ ಉಳಿಸುವುದು — ಇವುಗಳಿಂದ ಚೀಲದ ಖರ್ಚೂ ಉಳಿಯುತ್ತದೆ, ಅಳಿವೆಗೆ ಹೋಗುವ ಬೇಡದ ಸಾರಜನಕವೂ ತಗ್ಗುತ್ತದೆ. ಕರಾವಳಿಯ ರೈತರು ಕಾಂಡ್ಲಾ ಗಿಡಗಳನ್ನೂ ಗಜನಿ ಗದ್ದೆಗಳನ್ನೂ ಉಳಿಸಿಕೊಂಡರೆ ಅದು ಮೀನಿನ ಮರಿಗಳಿಗೂ ಆಸರೆ.

ಬಯಲುಸೀಮೆಯ ರೈತನ ಬಾಯಾರಿಕೆ ನಿಜವಾದದ್ದು. ಕರಾವಳಿಯ ಮೀನುಗಾರನ ಹಸಿವೂ ಅಷ್ಟೇ ನಿಜ. ನದಿ ತಿರುಗಿಸುವ ಯಾವುದೇ ಯೋಜನೆ ಬಂದಾಗ ಎಷ್ಟು ಟಿ.ಎಂ.ಸಿ. ಸಿಗುತ್ತದೆ ಎಂದು ಕೇಳುವುದರ ಜೊತೆಗೆ, ಯಾವ ತಿಂಗಳ ನೀರನ್ನು ತೆಗೆಯುತ್ತೀರಿ, ಅಳಿವೆಗೆ ಯಾವ ತಿಂಗಳು ಎಷ್ಟು ಬಿಡುತ್ತೀರಿ ಎಂದೂ ಎರಡೂ ಕಡೆಯ ರೈತರು ಕೇಳಬೇಕು. ಸಮುದ್ರ ಸೇರುವ ನೀರು ವ್ಯರ್ಥವೇ ಅಲ್ಲವೇ ಎಂಬುದು ಈ ಲೆಕ್ಕ ಮುಂದಿಟ್ಟ ಮೇಲೆಯೇ ತೀರ್ಮಾನವಾಗತಕ್ಕದ್ದು.